ಕಿಟಕಿಯ ಕಡೆ ನೋಡಿ ಕೇಳುತ್ತಿದ್ದವರು

ಪ್ರಶ್ನೆ ಕೇಳುವಾಗ ಅವರು ನಮ್ಮ ಮುಖ ನೋಡುತ್ತಿರಲಿಲ್ಲ. ಸ್ಟೂಲನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು, ಬೆನ್ನನ್ನು ಅರ್ಧ ನಮ್ಮ ಕಡೆಗೆ ತಿರುಗಿಸಿ, ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು. ಆಚೆ ನೋಡುವಂಥದ್ದು ಏನೂ ಇರಲಿಲ್ಲ. ಒಂದು ನೀರಿನ ಟ್ಯಾಂಕು, ಒಣಹಾಕಿದ ಹಸಿರು ಬಟ್ಟೆಗಳು, ಒಂದು ಹೊಂಗೆ ಮರ. ಅಲ್ಲಿಗೆ ತಮ್ಮ ಬಸ್ಸು ಬರುವುದಿದೆ ಎನ್ನುವ ಹಾಗೆ ನೋಡುತ್ತ, ಅತ್ತ ತಿರುಗಿಯೇ ಕೇಳುವರು: "ತೊಳ್ಕೊಳ್ಳೋವಾಗ ನೀರು ತಣ್ಣಗಿದೆಯೋ ಬೆಚ್ಚಗಿದೆಯೋ ಗೊತ್ತಾಗುತ್ತೇನಮ್ಮಾ?"

ಹೋದ ತಿಂಗಳು ಅವರು ತೀರಿಕೊಂಡರು. ಮುಳಬಾಗಿಲಿನ ತಮ್ಮ ಮನೆಯಲ್ಲಿ, ಬೆಳಗಿನ ಕಾಫಿ ಕುಡಿಯುತ್ತ ಕೂತಿದ್ದವರಿಗೆ ಎದೆನೋವು ಬಂತಂತೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ಕೋಲಾರದ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೂ ಅವರನ್ನು "ನರದ ಸಾರ್" ಎನ್ನುತ್ತಿದ್ದರು. ಡಾಕ್ಟರಲ್ಲ. ಬೆನ್ನುಮೂಳೆ, ಸೊಂಟದ ಆಪರೇಶನ್ನುಗಳು ನಡೆಯುವಾಗ ರೋಗಿಯ ನರಗಳು ಕೆಲಸ ಮಾಡುತ್ತಿವೆಯೋ ಇಲ್ಲವೋ ಎಂದು ಯಂತ್ರ ಇಟ್ಟುಕೊಂಡು ಕಾಯುವುದು ಅವರ ಕೆಲಸ. ಯಂತ್ರವನ್ನು ಚಕ್ರದ ಸೂಟ್‌ಕೇಸಿನಲ್ಲಿ ಎಳೆದುಕೊಂಡು ಬರುತ್ತಿದ್ದರು. ಮೊದಲ ದಿನ ನನ್ನ ಓರಗಿತ್ತಿ ಅವರನ್ನು ನೋಡಿ, "ಆಸ್ಪತ್ರೆ ಒಳಕ್ಕೂ ಸೀರೆ ಮಾರೋರನ್ನ ಬಿಡ್ತಾರಲ್ಲೇ," ಎಂದಿದ್ದಳು.

ನಾವು ಶ್ರೀನಿವಾಸಪುರದವರು. ಯಜಮಾನರದ್ದು ಮಾವಿನ ಮಂಡಿ. ಕಾಯಿ ಇಳಿಯುವ ತಿಂಗಳುಗಳಲ್ಲಿ ಆಳುಕಾಳುಗಳ ಅಡುಗೆ, ಕಾಯಿ ಆರಿಸುವುದು, ಹುಲ್ಲು ಹಾಸಿ ಹಣ್ಣಿಗೆ ಹಾಕುವುದು ಎಲ್ಲದರಲ್ಲೂ ನನ್ನ ಕೈ ಇರುತ್ತದೆ. ಕೂತರೆ ಹಿಂದೆ, ಬೆನ್ನಿನ ಕೊನೆಯ ಮೂಳೆಯಲ್ಲಿ, ನೋವು ಶುರುವಾದಾಗ ನೆಲದ ಮೇಲೆ ಕೂತು ಕೂತು ಹೀಗಾಗಿದೆ ಎಂದುಕೊಂಡೆ. ಹರಳೆಣ್ಣೆ ಹಚ್ಚಿದೆ. ಮೂಲವ್ಯಾಧಿ ಎಂದು ಯಾರೋ ಹೇಳಿದ್ದಕ್ಕೆ ಮೂಲಂಗಿ ರಸ ಕುಡಿದೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮೂಳೆಯಲ್ಲಿ ಗಡ್ಡೆ ಇತ್ತು. ನಿಧಾನಕ್ಕೆ ಬೆಳೆಯುವ ಜಾತಿಯ ಕ್ಯಾನ್ಸರ್, ತೆಗೆಯಬಹುದು, ಆದರೆ ಮಲಮೂತ್ರ ಹಿಡಿದಿಡುವ ನರಗಳು ಅದರೊಳಗಿಂದಲೇ ಹೋಗುತ್ತವೆ ಎಂದರು ಡಾಕ್ಟರು. ಯಜಮಾನರು, ನನ್ನ ತಮ್ಮ, ಭಾವ ಎಲ್ಲರೂ ಇದ್ದರು. "ಮೂತ್ರ" ಎಂದ ಕೂಡಲೇ ಮೂವರೂ ಒಟ್ಟಿಗೆ ಗೋಡೆಯ ಕ್ಯಾಲೆಂಡರು ನೋಡತೊಡಗಿದರು.

ನಿಜ ಹೇಳಬೇಕೆಂದರೆ ನನಗೆ ಕ್ಯಾನ್ಸರಿಗಿಂತ ಈ ಮಾತಿನ ಭಯವೇ ಹೆಚ್ಚಾಗಿತ್ತು. ನಮ್ಮಲ್ಲಿ ಇದಕ್ಕೆಲ್ಲ ಮಾತೇ ಇಲ್ಲ. "ಹೊರಗಡೆ ಹೋಗಿದ್ದಾಳೆ", "ಒಂದಕ್ಕೆ", "ಆ ಕಡೆ". ಮಗುವಿನದಾದರೆ ಬಾಯಿತುಂಬ ಹೇಳುತ್ತೇವೆ, ದೊಡ್ಡವರದಾದರೆ ಕಣ್ಣಲ್ಲಿ ಹೇಳುತ್ತೇವೆ. ಕೆಳಗೆ ಎಡಗಡೆ ನನಗೆ ಎಷ್ಟೋ ತಿಂಗಳಿಂದ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ಒಮ್ಮೊಮ್ಮೆ ಸೀರೆ ಒದ್ದೆಯಾದ ಮೇಲೆಯೇ ತಿಳಿಯುತ್ತಿತ್ತು. ಕಪ್ಪು ಲಂಗ ಹಾಕಿಕೊಂಡು ಓಡಾಡಿದೆ. ಯಜಮಾನರಿಗೂ ಹೇಳಲಿಲ್ಲ. ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಓರಗಿತ್ತಿ, "ಅಂಥದ್ದೇನಿಲ್ಲ ಸಾರ್, ಅವಳು ಗಟ್ಟಿಗಿತ್ತಿ," ಎಂದುಬಿಟ್ಟಳು. ನಾನು ತಲೆಯಾಡಿಸಿದೆ. ಕಾಗದದ ಮೇಲೆ ನಾನು ಸರಿಯಾಗಿಯೇ ಇದ್ದೆ.

ಆಪರೇಶನ್ನಿನ ಹಿಂದಿನ ದಿನ ನರದ ಸಾರ್ ಬಂದರು. ತಲೆಗೆ ಬಣ್ಣ ಹಚ್ಚುತ್ತಿದ್ದರು, ಅದೂ ಕಿವಿಯ ಹತ್ತಿರ ಯಾವಾಗಲೂ ಬಿಟ್ಟುಹೋಗಿರುತ್ತಿತ್ತು. ಜೇಬಿನಲ್ಲಿ ಕಡಲೆಕಾಯಿ ಇರುತ್ತಿತ್ತು. ಮಾತಿನಲ್ಲಿ ತೆಲುಗು ಬೆರೆತ ರಾಗ. ಅವರು ಕೇಳಿದ್ದಕ್ಕೂ ಎಲ್ಲರೆದುರು "ಏನೂ ತೊಂದರೆ ಇಲ್ಲ" ಎಂದೆ. "ಸರೇನಮ್ಮಾ," ಎಂದು ಹೋದರು. ಊಟದ ಹೊತ್ತಿಗೆ, ನಮ್ಮವರೆಲ್ಲ ಹೋಟೆಲಿಗೆ ಹೋದಾಗ, ಕ್ಯಾಲನೂರಿನ ನರ್ಸಮ್ಮ ಒಬ್ಬರನ್ನು ಜೊತೆಗೆ ಕರೆದುಕೊಂಡು ಮತ್ತೆ ಬಂದರು. ಪರದೆ ಎಳೆದರು. ಕಿಟಕಿಗೆ ಮುಖ ಮಾಡಿ ಕೂತರು.

ಅದೇ ನೀರಿನ ಪ್ರಶ್ನೆ ಕೇಳಿದರು. ಅವರು ಕಾದರು. ಕಾಯುವುದು ಅವರಿಗೆ ಬಹಳ ಚೆನ್ನಾಗಿ ಬರುತ್ತಿತ್ತು.

"ಚೂಡಮ್ಮಾ, ನೋಡಿ," ಎಂದರು ಕೊನೆಗೆ, ಹೊಂಗೆ ಮರಕ್ಕೆ ಹೇಳುವ ಹಾಗೆ. "ನಾಳೆ ನೀವು ನಿದ್ದೆಯಲ್ಲಿ ಇರ್ತೀರಿ. ನಿಮ್ಮನ್ನ ಏನೂ ಕೇಳೋಕಾಗಲ್ಲ. ನಿಮ್ಮ ಕಾಲಿಗೆ, ಹಿಂದೆ, ಕೂದಲಿನಂಥ ಸೂಜಿ ಚುಚ್ಚಿ, ತಲೆಯಿಂದ ಒಂದು ಚೂರು ಕರೆಂಟ್ ಬಿಡ್ತೀನಿ. ಅದು ಕೆಳಗಿನವರೆಗೂ ಬಂದ್ರೆ ನರ ಬದುಕಿದೆ ಅಂತ. ಎಡಗಡೆ ಕಮ್ಮಿ ಬಂತು ಅನ್ಕೊಳ್ಳಿ. ಅದು ಮೊದಲಿಂದ್ಲೇ ಕಮ್ಮಿ ಇತ್ತಾ, ನಾವು ಕೈ ಹಾಕಿ ಕೆಡಿಸಿದ್ವಾ? ನಂಗೆ ಹೆಂಗೆ ಗೊತ್ತಾಗ್ಬೇಕು? ನರ ಡಾಕ್ಟ್ರ ಕಣ್ಣಿಗೆ ಕಾಣುತ್ತೆ. ಅದಕ್ಕೆ ಜೀವ ಇದೆಯೋ ಇಲ್ವೋ ಕಾಣಲ್ಲ."

"ಹಿಂದೆ ಅಂದ್ರೆ ಎಲ್ಲಿ ಚುಚ್ತೀರಿ?" ಎಂದೆ.

"ಎಲ್ಲಿ ಅಂತ ನೀವು ಅನ್ಕೊಂಡಿದ್ದೀರೋ ಅಲ್ಲೇ."

"ಕಾಲಿಗೆ ಮಾತ್ರ ಹಾಕಿ ಸಾರ್. ಅಲ್ಲಿ ಬೇಡ."

ನರ್ಸಮ್ಮ ಬಾಯಿ ತೆರೆದರು. ಅವರು ಕೈಸನ್ನೆಯಲ್ಲಿ ತಡೆದರು. "ಕಾಲು ನೋಡ್ಕೊಂಡ್ರೆ ಕಾಲು ಉಳಿಯುತ್ತೆ. ನಡ್ಕೊಂಡು ಮನೆಗೆ ಹೋಗ್ತೀರಿ. ನಡ್ಕೊಂಡು ಹೋದ್ಮೇಲೆ ಜೀವನಪೂರ್ತಿ ಟ್ಯೂಬು, ಚೀಲ. ಅದು ಪರವಾಗಿಲ್ಲ ಅಂದ್ರೆ ಕಾಲಿಗೆ ಮಾತ್ರ ಹಾಕ್ತೀನಿ. ಇಲ್ಲಾಂದ್ರೆ ಅಲ್ಲಿಗೆ ನರ್ಸಮ್ಮ ಹಾಕ್ತಾರೆ, ನಾನು ಆ ಕಡೆ ತಿರುಗಿ ನಿಂತಿರ್ತೀನಿ. ಹೆಂಗೂ ಗೋಡೆ ನೋಡಿ ನೋಡಿ ಅಭ್ಯಾಸ ಆಗಿದೆ ನಂಗೆ."

ಆಮೇಲೆ ಹೇಳಿದೆ. ಎಡಗಡೆ ನೀರು ತಣ್ಣಗೋ ಬೆಚ್ಚಗೋ ಗೊತ್ತಾಗುವುದಿಲ್ಲ ಎಂದೂ, ಒದ್ದೆಯಾದ ಮೇಲೆ ತಿಳಿಯುತ್ತದೆ ಎಂದೂ. ಹೇಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆನಾದ್ದರಿಂದ ಅವರಿಗೆ ಎರಡನೇ ಸಲ ಕೇಳಬೇಕಾಯಿತು. ಎರಡನೇ ಸಲ ಹೇಳಿದ್ದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ಅವರು "ಒಳ್ಳೇದು" ಎಂದರು, ಏನೋ ಒಳ್ಳೆಯ ಸುದ್ದಿ ಕೇಳಿದವರ ಹಾಗೆ. ಹೊರಡುವಾಗ, "ಕರೆಂಟ್ ಬಿಟ್ಟಾಗ ದವಡೆ ಕಚ್ಕೊಳ್ಳುತ್ತೆ. ಬಾಯಲ್ಲಿ ಬಟ್ಟೆ ಇಟ್ಟಿರ್ತೀವಿ, ಆದ್ರೂ ಎದ್ದಾಗ ನಾಲಿಗೆ ನೋಯ್ಬೋದು. ಅದಕ್ಕೆ ನನ್ನ ಬೈಯಿರಿ, ಡಾಕ್ಟ್ರನ್ನ ಬೈಬೇಡಿ," ಎಂದರು.

ಒಳಗೆ ನಡೆದದ್ದು ನನಗೆ ತಿಳಿದಿದ್ದು ನರ್ಸಮ್ಮನಿಂದ. ನರದ ಸಾರ್ ಆಪರೇಶನ್ ಥಿಯೇಟರಿಗೆ ಬಂದರೆ ಮೊದಲು ಜಗಳವಂತೆ. ಯಾರೋ ಮೊಬೈಲ್ ಚಾರ್ಜಿಗೆ ಹಾಕಿರುತ್ತಾರೆ, ಅವರ ಯಂತ್ರದಲ್ಲಿ ಗುಂಯ್ ಎನ್ನುತ್ತದೆ. "ಯಾರ್ಲಾ ಅದು ಚಾರ್ಜರ್ ಹಾಕಿರೋದು? ನಿನ್ನ ಫೋನು ಸತ್ರೆ ಮತ್ತೆ ಎಬ್ಬಿಸ್ಬೋದು ಕಣೋ, ನರ ಸತ್ರೆ ಯಾರು ಎಬ್ಬಿಸ್ತಾರೆ?" ಆಮೇಲೆ ಮತ್ತು ಕೊಡುವ ಡಾಕ್ಟರ ಹತ್ತಿರ, ಮಾಂಸಖಂಡ ಸಡಿಲ ಮಾಡುವ ಮದ್ದು ಕೊಡಬೇಡಿ, ಯಂತ್ರಕ್ಕೆ ಏನೂ ಸಿಗಲ್ಲ ಎಂದು ಗೋಗರೆತ. ಥಿಯೇಟರಿನ ಚಳಿಗೆ ಕೈ ತಣ್ಣಗಾಗಿರುತ್ತದಲ್ಲ, ರೋಗಿಯ ಪಾದ ಮುಟ್ಟುವ ಮೊದಲು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಳ್ಳುತ್ತಿದ್ದರಂತೆ. "ಪ್ರಜ್ಞೆ ಇಲ್ಲದೋರಿಗೆ ಚಳಿ ಏನು ಸಾರ್," ಎಂದು ನರ್ಸಮ್ಮ ಹಂಗಿಸಿದರೆ, "ಪ್ರಜ್ಞೆ ಇದ್ದಿದ್ರೆ ಬೈತಿದ್ರು. ಇಲ್ಲ ಅಂತ ತಣ್ಣನೆ ಕೈ ಇಡೋದಾ?" ಎನ್ನುತ್ತಿದ್ದರು.

ನನ್ನ ಎಡಗಡೆಯ ನರಗಳು ಗಡ್ಡೆಯೊಳಗೆ ಹೂತುಹೋಗಿದ್ದವು. ಯಂತ್ರದಲ್ಲೂ ಇದ್ದೂ ಇಲ್ಲದ ಹಾಗೆ ಬಂತಂತೆ. ಆಕೆಗೆ ಆ ಕಡೆ ಮೊದಲಿಂದಲೇ ಗೊತ್ತಾಗುತ್ತಿಲ್ಲ ಎಂದು ಅವರು ಹೇಳಿದ ಮೇಲೆ ಡಾಕ್ಟರು ಯೋಚಿಸಿ, ಎಡಗಡೆಯದನ್ನು ಗಡ್ಡೆಯ ಜೊತೆಗೇ ತೆಗೆಯುವುದು, ಬಲಗಡೆಯದನ್ನು ಹೇಗಾದರೂ ಉಳಿಸುವುದು ಎಂದು ನಿಶ್ಚಯಿಸಿದರು. ಒಂದು ಕಡೆ ಉಳಿದರೆ ಸಾಕು, ಹಿಡಿತ ಉಳಿಯುತ್ತದಂತೆ. ಆ ಬಲಗಡೆಯದನ್ನು ಬಿಡಿಸುವಾಗಲೇ ಯಂತ್ರದಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು ಬಂತು. ನರ ಸಿಟ್ಟಾದರೆ ಹಾಗೆ ಸಿಡಿಯುತ್ತದೆ. ಆಮೇಲೆ ಯಂತ್ರದ ಪರದೆಯ ಮೇಲೆ ಗೆರೆ ಇಳಿಯತೊಡಗಿತು.

"ನಿಲ್ಸಿ ಸಾರ್. ಬಲಗಡೆ ಹೋಗ್ತಾ ಇದೆ."

ಡಾಕ್ಟರು ಕೈ ಎತ್ತಿದರು. ಮಾಂಸ ಅಗಲಿಸಿ ಹಿಡಿದಿದ್ದ ಕೊಕ್ಕೆ ಸಡಿಲಿಸಿದರು, ಬೆಚ್ಚಗಿನ ನೀರು ಹಾಕಿದರು, ರಕ್ತದೊತ್ತಡ ಏರಿಸಿದರು. ನರದ ಸಾರ್ ಒಂದು ಬೆರಳು ಮೇಲೆತ್ತಿಕೊಂಡು ಪರದೆ ನೋಡುತ್ತ ನಿಂತಿದ್ದರಂತೆ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. "ಬಂತು," ಎಂದರಂತೆ ಆಮೇಲೆ. ಬೆರಳು ಇಳಿಸುವುದನ್ನು ಮರೆತೇ ಇದ್ದರಂತೆ.

ಅವರು ಹೇಳಿದ್ದು ನಿಜ, ನಾಲಿಗೆ ನೋಯುತ್ತಿತ್ತು.

ಟ್ಯೂಬು ತೆಗೆದ ದಿನ ಬೆಳಗ್ಗೆಯಿಂದ ಲೋಟ ಲೋಟ ನೀರು ಕುಡಿಸಿದರು. ನನಗೆ ತಾನಾಗಿ ಆಗಬೇಕು. ಓರಗಿತ್ತಿ ನನ್ನನ್ನು ಹಿಡಿದುಕೊಂಡು ಬಚ್ಚಲಿಗೆ ಕರೆದೊಯ್ದಳು. ವಾರ್ಡಿನ ಹೊರಗೆ ನರದ ಸಾರ್, ಯಜಮಾನರು ಅಕ್ಕಪಕ್ಕ ನಿಂತಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಅಳುತ್ತ ಕೂತೆ. ಆಮೇಲೆ ಆಯಿತು. ಬರುತ್ತಿದೆ ಎಂದು ಮೊದಲೇ ಗೊತ್ತಾಯಿತು, ಬಲಗಡೆ, ಬೆಚ್ಚಗೆ. ಹೊರಗೆ ಬಂದಾಗ ಅವರು ಓರಗಿತ್ತಿಯನ್ನು, "ಆಯ್ತಾ?" ಎಂದು ಕೇಳಿದರು. ಅವಳು ನಾಚಿ, "ಆಯ್ತು," ಎಂದಳು. ಅವರು ಯಜಮಾನರ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿ ಹೊರಟುಹೋದರು. "ಏನು ಆಯ್ತಂತೆ?" ಎಂದರು ಯಜಮಾನರು. "ಟೀ," ಎಂದಳು ಓರಗಿತ್ತಿ.

ಮುಂದಿನ ವರ್ಷ ಕಾಯಿ ಇಳಿಯುವ ಕಾಲದಲ್ಲಿ ಅವರು ನಮ್ಮ ಮಂಡಿಗೇ ಬಂದರು. ಬಾದಾಮಿ ಹಣ್ಣು ಬೇಕಿತ್ತು. ಜೊತೆಗೆ ಯಾರೋ ನೆಂಟರು. ನಾನು ತೂಕದ ಪಕ್ಕದಲ್ಲೇ ಕೂತಿದ್ದೆ. ಯಜಮಾನರು ಎದ್ದು ನಿಂತು, "ಸಾರ್! ನೀವು ಆಸ್ಪತ್ರೆ ಸಾರ್ ಅಲ್ವಾ?" ಎಂದರು.

"ಯಾವ ಆಸ್ಪತ್ರೆ? ಇಲ್ಲಪ್ಪಾ, ನಂಗೆ ನೆನಪಿಲ್ಲ," ಎಂದರು. ನನ್ನ ಮುಖವನ್ನು ನೋಡಿಯೂ ನೋಡದ ಹಾಗೆ, ಹಣ್ಣನ್ನು ಮೂಸಿ, "ಇದೇನಿದು, ಹೊರಗೆ ಬಣ್ಣ, ಒಳಗೆ ಹುಳಿ. ಕಮ್ಮಿ ಮಾಡ್ಕೊಳ್ಳಿ," ಎಂದು ಚೌಕಾಸಿಗೆ ಇಳಿದರು.

"ದೊಡ್ಡ ಮನುಷ್ಯ ಆಗ್ಬಿಟ್ಟ," ಎಂದರು ಯಜಮಾನರು, ಅವರು ಹೋದ ಮೇಲೆ. ನನಗೆ ಮೊದಲು ಅನಿಸಿದ್ದು ನೆಮ್ಮದಿ. ಆಳುಗಳೆಲ್ಲ ಇದ್ದರು, ಆಂಧ್ರದ ವ್ಯಾಪಾರಿಗಳಿದ್ದರು. ಆ ನೆಮ್ಮದಿಗೆ ನಾಚಿಕೆಯಾಗಲು ಸಂಜೆಯಾಗಬೇಕಾಯಿತು.

ಮತ್ತೆ ತೋರಿಸಲು ಕೋಲಾರಕ್ಕೆ ಹೋದಾಗ ವರಾಂಡದಲ್ಲಿ ಅವರೇ ನಿಲ್ಲಿಸಿ, "ಹಣ್ಣು ನಿಜವಾಗ್ಲೂ ಹುಳಿ ಇತ್ತಮ್ಮಾ," ಎಂದರು. ಅವತ್ತು ಯಾಕೆ ಗುರುತಿಲ್ಲ ಎಂದಿರಿ ಎಂದು ನಾನು ಕೇಳಿಯೇಬಿಟ್ಟೆ. ಅವರು ಸೂಟ್‌ಕೇಸಿನ ಹಿಡಿಯನ್ನು ಮೇಲೆ ಕೆಳಗೆ ಮಾಡುತ್ತ, "ನಾನು ನಿಮ್ಮನ್ನ ಮಾತಾಡಿಸಿದ್ರೆ ಪಕ್ಕದಲ್ಲಿರೋರು ಯಾರವರು ಅಂತ ಕೇಳ್ತಾರೆ. ಏನು ಹೇಳ್ತೀರಿ? ಸುಳ್ಳು ಹೇಳ್ಬೇಕಾಗುತ್ತೆ. ನಿಮ್ಮ ಕೈಲಿ ಯಾಕೆ ಸುಳ್ಳು ಹೇಳಿಸ್ಲಿ? ಆಸ್ಪತ್ರೆ ಗೇಟ್ ದಾಟಿದ್ರೆ ನಂಗೆ ಯಾರೂ ಗೊತ್ತಿಲ್ಲ. ಮುಳಬಾಗಿಲಲ್ಲಿ ನಂಗೆ ಕೊಬ್ಬು ಅಂತಾರೆ. ಅನ್ಲಿ," ಎಂದರು.

ತೀರಿಕೊಂಡ ಸುದ್ದಿಯನ್ನು ನರ್ಸಮ್ಮ ಫೋನ್ ಮಾಡಿ ಹೇಳಿದರು. ಕಾರ್ಯಗಳೆಲ್ಲ ಮುಗಿದ ಮೇಲೆ ನಾನೊಬ್ಬಳೇ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋದೆ. ಹೆದ್ದಾರಿಯಿಂದ ಒಳಗೆ, ತಗಡಿನ ಗೇಟಿನ ಸಣ್ಣ ಮನೆ. ಮುಂದಿನ ಕೋಣೆಯಲ್ಲಿ ಐದಾರು ಜನ ಕುರ್ಚಿಗಳಲ್ಲಿ ಕೂತಿದ್ದರು. ಯಾರಿಗೆ ಯಾರೂ ಪರಿಚಯವಿದ್ದ ಹಾಗಿರಲಿಲ್ಲ. ಅವರ ತಮ್ಮ ಬಂದವರನ್ನು ಮಾತಾಡಿಸುತ್ತಿದ್ದರು. ಹೆಂಡತಿ ಬಾಗಿಲ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದರು.

"ತಮಗೆ ನಮ್ಮಣ್ಣ ಹೆಂಗೆ ಪರಿಚಯ?" ಎಂದು ಆ ತಮ್ಮ, ಒಬ್ಬ ಹಿರಿಯ ಸಾಹೇಬರನ್ನು ಕೇಳಿದರು. ಕೋಲಾರದಲ್ಲಿ ಅವರದ್ದು ಕಬ್ಬಿಣದ ಅಂಗಡಿಯಂತೆ.

ಸಾಹೇಬರು ಟೋಪಿ ಸರಿಮಾಡಿಕೊಂಡರು. "ಹಂಗೇ... ನಮ್ದು ಆಪರೇಶನ್ ಆಗಿತ್ತು. ಬೆನ್ನು."

"ನಿಮಗಮ್ಮಾ?"

"ಬೆನ್ನು," ಎಂದೆ.

ಪಕ್ಕದ ಮಾಲೂರಿನ ಹುಡುಗಿಯೂ ಬೆನ್ನು ಎಂದಳು. ಗೋಡೆಗೆ ಒರಗಿದ್ದ ರೈತರೊಬ್ಬರು ಕೇಳುವ ಮೊದಲೇ, "ನಂದೂ ಬೆನ್ನೇಯ," ಎಂದರು. ಒಬ್ಬರ ಮುಖವನ್ನೊಬ್ಬರು ನಾವು ನೋಡಲಿಲ್ಲ. ಅಷ್ಟೂ ಜನ ಅವರಿಗೆ ಏನು ಹೇಳಿದ್ದೆವು ಎನ್ನುವುದು ನಮಗೆ ಗೊತ್ತಿತ್ತು, ಅದನ್ನು ಅವರ ಮನೆಯಲ್ಲಿ ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ. "ಅಣ್ಣ ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಿದ್ದ ಅನ್ಕೊಂಡಿದ್ವಿ," ಎಂದರು ತಮ್ಮ. ಯಾರೂ ತಿದ್ದಲಿಲ್ಲ. ನಾನು ಕಾಫಿ ಲೋಟದ ಅಂಚು ನೋಡುತ್ತ ಕೂತೆ. ನೆಲ ಬಿರಿದು ನುಂಗಬಾರದೇ ಎನ್ನುವ ಮಾತನ್ನು ಕೇಳಿದ್ದೆ. ಅವತ್ತು ಅದು ಎಂಥದ್ದೆಂದು ತಿಳಿಯಿತು.

ಲೋಟ ತೊಳೆಯುವ ನೆಪದಲ್ಲಿ ಹೆಂಡತಿಯ ಹಿಂದೆ ಹಿತ್ತಿಲಿಗೆ ಹೋದೆ. ಅಲ್ಲಿ ಹೇಳಿದೆ. ಬೆನ್ನಲ್ಲ, ಅದರ ಕೆಳಗೆ. ನಿಮ್ಮ ಯಜಮಾನರು ರಿಪೇರಿಯವರಲ್ಲ, ಹೀಗೆ ಹೀಗೆ ಮಾಡಿದರು, ಅವರು ಕೇಳಿ ತಿಳಿದುಕೊಂಡಿದ್ದರಿಂದ ನಾನಿವತ್ತು ಮಾನವಾಗಿ ಬಸ್ಸಿನಲ್ಲಿ ಕೂತು ಬಂದೆ ಎಂದೆ. ಅವರು ನಲ್ಲಿ ನಿಲ್ಲಿಸಿ ಕೇಳಿದರು.

"ಹಂಗಾದ್ರೆ ಎಲ್ಲರನ್ನೂ ಕೇಳ್ತಿದ್ರಾ?"

"ಎಲ್ಲರನ್ನೂ."

ಅವರು ತೊಳೆದ ಲೋಟವನ್ನೇ ಮತ್ತೆ ತೊಳೆದರು. "ನನ್ನೂ ಒಂದ್ಸಲ ಕೇಳಿದ್ರು. ಕೆಮ್ಮಿದ್ರೆ, ಬಿಂದಿಗೆ ಎತ್ತಿದ್ರೆ, ನಂಗೆ ತಡೆಯಲ್ಲ. ಕಡೇ ಮಗು ಆದಾಗಿಂದ. ರಾತ್ರಿ ನಾನು ಬಟ್ಟೆ ಒಗೆಯೋದು ನೋಡಿ ಕೇಳಿದ್ರು. 'ಥೂ, ವಯಸ್ಸಾದ ಗಂಡಸಿಗೆ ಎಂಥ ಮಾತು, ಬಾಯಿ ಮುಚ್ಕೊಳ್ಳಿ,' ಅಂತ ಬೈದೆ. ಆಮೇಲೆ ಅವರು ಕೇಳ್ಲೇ ಇಲ್ಲ." ಲೋಟ ಕವುಚಿಟ್ಟು, "ನನ್ನ ಬೈಗುಳ ಅವರಿಗೆ ನಾಟ್ಬಿಡ್ತು ಅನ್ಸುತ್ತೆ," ಎಂದರು.

ಇದಕ್ಕೆ ಔಷಧಿಯಿದೆ, ವ್ಯಾಯಾಮವಿದೆ, ಸೋಮವಾರ ಕೋಲಾರದಲ್ಲಿ ಹೆಂಗಸು ಡಾಕ್ಟರು ಇರುತ್ತಾರೆ, ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. "ಅವರು ಹೋಗಿ ತಿಂಗಳಾಗಿಲ್ಲ. ಇದಕ್ಕೆ ಆಸ್ಪತ್ರೆಗೆ ಹೋದೆ ಅಂದ್ರೆ..." ಎಂದು ಅವರು ಅನ್ನುವಷ್ಟರಲ್ಲಿ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು, "ಯಾವ ಆಸ್ಪತ್ರೆ ಅತ್ತಿಗೆ? ಏನಾಗಿದೆ ನಿಮಗೆ?" ಎಂದರು. ಅವರ ದನಿ ದೊಡ್ಡದು. ಮುಂದಿನ ಕೋಣೆಯವರೆಗೂ ಹೋಯಿತು. ನರದ ಸಾರ್ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅವರಿಗಲ್ಲಪ್ಪಾ, ನಂಗೆ," ಎಂದೆ. "ಉಚ್ಚೆ ಹಿಡಿಯೋ ನರ ಒಂದೇ ಉಳಿದಿರೋದು ನಂಗೆ. ಅದನ್ನ ಉಳಿಸಿದ್ದು ನಿಮ್ಮಣ್ಣ. ತೋರಿಸ್ಕೊಳ್ಳೋಕೆ ಹೋಗ್ತೀನಿ, ಒಬ್ಬಳೇ ಭಯ, ಇವರನ್ನ ಜೊತೆಗೆ ಕಳಿಸಿ."

ತಮ್ಮ ಕೆಮ್ಮಿದರು. "ಹೂಂ... ಹೋಗ್ಬನ್ನಿ," ಎಂದು ನೆಲ ನೋಡಿದರು.

ಚಪ್ಪಲಿ ಮುಂದಿನ ಬಾಗಿಲಲ್ಲಿತ್ತು. ಆ ಕುರ್ಚಿಗಳ ನಡುವೆ ಹಾದುಹೋಗಬೇಕಿತ್ತು. ಎಲ್ಲರಿಗೂ ಕೇಳಿಸಿತ್ತು. ಸಾಹೇಬರು ಕಾಲು ಒಳಗೆ ಎಳೆದುಕೊಂಡು ದಾರಿ ಬಿಟ್ಟರು, ಯಾರೂ ತಲೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೇಳಿಬಿಟ್ಟರೆ ನಾಚಿಕೆ ಹೋಗುತ್ತದೆ ಎನ್ನುತ್ತಾರೆ. ನನಗೆ ಹೋಗಲಿಲ್ಲ. ಶ್ರೀನಿವಾಸಪುರ ತಲುಪುವವರೆಗೂ ಕಿವಿ ಬಿಸಿಯಾಗಿಯೇ ಇತ್ತು.

ಸೋಮವಾರ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಸಾರ್ ಹೆಂಡತಿ ನನಗಿಂತ ಮೊದಲೇ ಬಂದು, ನೆರಳಿದ್ದರೂ ಬಿಸಿಲಲ್ಲೇ ನಿಂತಿದ್ದರು. "ತುಂಬಾ ಹೊತ್ತಾಯಿತಾ?" ಎಂದೆ.

"ಮೊದಲನೇ ಬಸ್ಸಿಗೇ ಬಂದ್ಬಿಟ್ಟೆ," ಎಂದರು. "ಎರಡನೇದಕ್ಕೆ ಅಂತ ಕಾಯ್ತಾ ಕೂತಿದ್ರೆ ಬರ್ತಾ ಇರ್ಲಿಲ್ಲ."